ಪ್ರಶಸ್ತಿ ಮತ್ತು ವೀರಗಲ್ಲು: ಆನಂದ ಪಟವರ್ಧನರ ಸಾಕ್ಷ್ಯಚಿತ್ರಗಳನ್ನು ಕುರಿತು

1

ಶಾಸನಗಳ ಅಭ್ಯಾಸಕ್ಕೆ ತೊಡಗಿದ ವಿದ್ಯಾರ್ಥಿಗೆ ಮೊದಲ ಕೆಲವು ದಿನಗಳಲ್ಲಿಯೇ ಒಂದು ಭೇದ ಗೋಚರಿಸುತ್ತದೆ. ಅರಸರ ಶಾಸನಗಳು ಸಾಮಾನ್ಯವಾಗಿ ಪ್ರಶಸ್ತಿಯಿಂದ ಆರಂಭವಾಗುತ್ತವೆ. ವಂಶಾವಳಿ, ಬಿರುದಾವಳಿ, ದಿಗ್ವಿಜಯಗಳ ವರ್ಣನೆ ಮುಗಿದ ಮೇಲಷ್ಟೇ ದತ್ತಿಯ ವಿಷಯ ಬರುತ್ತದೆ. ವೀರಗಲ್ಲಿನ ಬಗೆ ಬೇರೆ. ಊರಿನ ತುರುಗಳನ್ನು ಹಗೆಗಳು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಕಾದಿ ಮಡಿದವನ ಹೆಸರು, ಅವನ ಊರು, ಅವನು ಸತ್ತ ಕಾರಣ, ಕಲ್ಲನ್ನು ನಿಲ್ಲಿಸಿದವರ ಹೆಸರು: ಬಹುಮಟ್ಟಿಗೆ ಇಷ್ಟರಲ್ಲಿ ಅದರ ಮಾತು ಮುಗಿಯುತ್ತದೆ. ಪ್ರಶಸ್ತಿ ಆಳುವವರು ತಮ್ಮನ್ನು ಕುರಿತು ಬರೆಯಿಸಿಕೊಂಡದ್ದು. ವೀರಗಲ್ಲು ಸತ್ತವನನ್ನು ಕುರಿತು ಉಳಿದವರು ಬರೆಯಿಸಿದ್ದು. ಕನ್ನಡ ನಾಡಿನ ಸಾಮಾನ್ಯರ ಚರಿತ್ರೆಯನ್ನು ಕಟ್ಟಲು ಹೊರಟ ವಿದ್ವಾಂಸರಿಗೆ ಅರಮನೆಯ ಪ್ರಶಸ್ತಿಗಿಂತ ಊರ ಹೊರಗೆ ಬಿದ್ದಿದ್ದ ಈ ಕಲ್ಲುಗಳು ಹೆಚ್ಚು ನೆರವಾದವೆಂಬುದು ನಮಗೆಲ್ಲ ತಿಳಿದದ್ದೇ ಆಗಿದೆ.

ಸ್ವಾತಂತ್ರ್ಯಾನಂತರದ ಭಾರತದ ಪ್ರಭುತ್ವವೂ ತನ್ನ ಪ್ರಶಸ್ತಿಗಳನ್ನು ಬರೆಯಿಸಿತು. ಆದರೆ ಕಲ್ಲಿನ ಮೇಲಲ್ಲ, ಚಲನಚಿತ್ರದ ಸುರುಳಿಯ ಮೇಲೆ. 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ ಸಂಸ್ಥೆಯ ವಾರ್ತಾಚಿತ್ರಗಳನ್ನು ನಾಡಿನ ಎಲ್ಲ ಚಿತ್ರಮಂದಿರಗಳೂ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸಬೇಕಾಗಿತ್ತು. ಅಣೆಕಟ್ಟಿನ ಉದ್ಘಾಟನೆ, ಮಂತ್ರಿಗಳ ಪ್ರವಾಸ, ಕಾರ್ಖಾನೆಯ ಹೊಗೆಗೊಳವೆ, ನಗುಮುಖದ ರೈತ ಇವುಗಳನ್ನು ಕನ್ನಡದ ನಿರೂಪಣೆಯಲ್ಲಿ ಕಂಡು ಬೆಳೆದ ಒಂದು ತಲೆಮಾರು ನಮ್ಮಲ್ಲಿದೆ. ಆ ಸಂಸ್ಥೆಯ ಒಳಗಿನಿಂದಲೇ ಎಸ್. ಎನ್. ಎಸ್. ಶಾಸ್ತ್ರಿಯವರಂಥವರು ಬೇರೆ ಬಗೆಯ ಚಿತ್ರಗಳನ್ನು ಮಾಡಿದರೆಂಬುದನ್ನು ಮರೆಯಬಾರದು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಆದರೂ ಬಹುಕಾಲ ‘ಸಾಕ್ಷ್ಯಚಿತ್ರ’ವೆಂಬ ಮಾತು ಜನರ ಮನಸ್ಸಿನಲ್ಲಿ ಉಂಟುಮಾಡಿದ ಭಾವನೆ ಸರಕಾರದ ಪ್ರಶಸ್ತಿಯದೇ ಆಗಿತ್ತು.

ಅದೇ ಮುಂಬಯಿಯಲ್ಲಿ ಹುಟ್ಟಿ, ಅದೇ ಮಾಧ್ಯಮವನ್ನು ಹಿಡಿದು, ಐದು ದಶಕಗಳ ಕಾಲ ವೀರಗಲ್ಲುಗಳನ್ನು ನಿಲ್ಲಿಸುತ್ತ ಬಂದವರು ಆನಂದ ಪಟವರ್ಧನ. ಅವರ ಕೃತಿಗಳು ಹೆಚ್ಚಾಗಿ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿವೆ. ಕನ್ನಡ ವಿಭಾಗವೊಂದರ ಸಂಸ್ಮರಣ ಗ್ರಂಥದಲ್ಲಿ ಅವುಗಳಿಗೇನು ಕೆಲಸವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅಸಂಗತವಲ್ಲ. ಅವರ ಚಿತ್ರಗಳು ನಮ್ಮ ಅಧ್ಯಯನದ ಪರಿಧಿಯೊಳಗೆ ಬರಲೇಬೇಕೆಂಬುದು ನನ್ನ ಅಭಿಮತ. ಅದಕ್ಕೆ ಕಾರಣಗಳನ್ನು ನಿವೇದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಪಟವರ್ಧನರು 1950ರ ಫೆಬ್ರುವರಿ 18ರಂದು ಮುಂಬಯಿಯಲ್ಲಿ ಜನಿಸಿದರು. ಮನೆತನ ಸ್ವಾತಂತ್ರ್ಯ ಹೋರಾಟದ್ದು. 1942ರ ಚಳವಳಿಯಲ್ಲಿ ಭೂಗತರಾಗಿ ದುಡಿದ ಅಚ್ಯುತ ಪಟವರ್ಧನರೂ ರಾವ್‌ಸಾಹೇಬ ಪಟವರ್ಧನರೂ ಅವರ ದೊಡ್ಡಪ್ಪಂದಿರು. ತಾಯಿ ನಿರ್ಮಲಾ ಪಟವರ್ಧನ ಹೆಸರಾಂತ ಕುಂಭಕಲಾವಿದೆ. ಈ ಮನೆಯ ಕಥೆಯನ್ನೇ ಅವರು ತಮ್ಮ ಎಪ್ಪತ್ತರ ಹರೆಯದಲ್ಲಿ, 2023ರ ‘ವಸುಧೈವ ಕುಟುಂಬಕಂ’ ಚಿತ್ರದಲ್ಲಿ ಹೇಳಿದರು.

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪದವಿ ಪಡೆದು 1970ರಲ್ಲಿ ಅವರು ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯಕ್ಕೆ ಸಮಾಜಶಾಸ್ತ್ರದ ಅಭ್ಯಾಸಕ್ಕೆಂದು ಹೋದರು. ಅಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದ ಕಾಲ ಅದು. ಹಿಂದಿರುಗಿದ ಮೇಲೆ ಮಧ್ಯಪ್ರದೇಶದ ಕಿಶೋರ ಭಾರತಿ ಎಂಬ ಗ್ರಾಮೀಣ ಶಿಕ್ಷಣದ ಪ್ರಯೋಗದಲ್ಲಿ ದುಡಿದರು. ಅಂದರೆ ಕ್ಯಾಮೆರಾ ಅವರ ಕೈಗೆ ಬರುವ ಮೊದಲೇ ಚಳವಳಿ ಅವರ ಬದುಕಿಗೆ ಬಂದಿತ್ತು. ‘ಚಿತ್ರನಿರ್ಮಾಪಕ ಮತ್ತು ಸಾಮಾಜಿಕ ಕಾರ್ಯಕರ್ತ’ ಎಂದು ಅವರನ್ನು ಎರಡು ಪದಗಳಲ್ಲಿ ಪರಿಚಯಿಸುವ ರೂಢಿಯಿದೆ. ಆ ನಡುವಿನ ‘ಮತ್ತು’ ಎಂಬ ಅವ್ಯಯ ಸ್ವಲ್ಪ ದಾರಿ ತಪ್ಪಿಸುತ್ತದೆಂದು ನನಗೆ ತೋರುತ್ತದೆ. ಅವರ ಮಟ್ಟಿಗೆ ಚಿತ್ರವೇ ಕಾರ್ಯ. ಕಾರ್ಯ ಮುಗಿಯದೆ ಚಿತ್ರವೂ ಮುಗಿಯುವುದಿಲ್ಲ.

ಅವರ ಮೊದಲ ಮುಖ್ಯ ಚಿತ್ರ ‘ಕ್ರಾಂತಿ ಕೀ ತರಂಗೇ’ 1974ರ ಬಿಹಾರ ಚಳವಳಿಯ ನಡುವೆ, ಎರವಲು ಸಲಕರಣೆಗಳಿಂದ ಸಿದ್ಧವಾಯಿತು. ಅಷ್ಟರಲ್ಲಿ 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಚಿತ್ರದ ಪ್ರತಿಯನ್ನು ತುಂಡುತುಂಡಾಗಿ ವಿದೇಶಕ್ಕೆ ಸಾಗಿಸಿ, ಅಲ್ಲಿ ಜೋಡಿಸಿ ತೋರಿಸಬೇಕಾಯಿತು. ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸಂವಹನ ಶಾಸ್ತ್ರವನ್ನು ಅಭ್ಯಸಿಸಿದ ಅವರು, ತುರ್ತುಪರಿಸ್ಥಿತಿ ತೆರವಾದ ಬಳಿಕ ಹಿಂದಿರುಗಿ ರಾಜಕೀಯ ಬಂದಿಗಳನ್ನು ಕುರಿತ ‘ಜಮೀರ್ ಕೇ ಬಂದಿ’ಯನ್ನು 1978ರಲ್ಲಿ ನಿರ್ಮಿಸಿದರು. ಕೆನಡದಲ್ಲಿ ಹೊಲಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ಕೂಲಿಕಾರರು ಸಂಘ ಕಟ್ಟಿಕೊಂಡ ಕಥೆ 1981ರ ಚಿತ್ರದ ವಸ್ತು. ಇಷ್ಟಾದ ಮೇಲೆ ಅವರ ಕಣ್ಣು ಹುಟ್ಟೂರಿನ ಕಡೆಗೆ ತಿರುಗಿತು.

3

1985ರ ‘ಹಮಾರಾ ಶಹರ್’ ಎಪ್ಪತ್ತೈದು ನಿಮಿಷಗಳ ಚಿತ್ರ. ವಸ್ತು ಮುಂಬಯಿಯ ಜೋಪಡಪಟ್ಟಿಗಳ ತೆರವು. 1981ರ ಮಳೆಗಾಲದಲ್ಲಿ ಪಾದಚಾರಿ ಮಾರ್ಗದ ವಾಸಿಗಳನ್ನು ಎತ್ತಂಗಡಿ ಮಾಡಿಸುವ ಸರಕಾರದ ನಿರ್ಧಾರದಿಂದ ಹುಟ್ಟಿದ ಮೊಕದ್ದಮೆ, ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಹೆಸರಾದದ್ದು, ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದದ್ದೂ 1985ರಲ್ಲಿಯೇ. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಆ ತೀರ್ಪು ಸಾರಿತು. ಆದರೆ ನೋಟೀಸು ಕೊಟ್ಟು ತೆರವುಗೊಳಿಸುವ ನಗರಪಾಲಿಕೆಯ ಅಧಿಕಾರವನ್ನೂ ಎತ್ತಿಹಿಡಿಯಿತು. ತತ್ತ್ವದಲ್ಲಿ ಗೆದ್ದವರು ಗುಡಿಸಲನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ವೈಪರೀತ್ಯವೇ ಚಿತ್ರದ ಒಳದನಿ. ಜೋಪಡಪಟ್ಟಿ ನಗರಕ್ಕೆ ಅಂಟಿದ ರೋಗವೆಂದು ಅನುಕೂಲಸ್ಥರೂ ಅಧಿಕಾರಿಗಳೂ ಹೇಳುತ್ತಿರುವಾಗ, ಅವರ ಮಹಡಿಮನೆಗಳಿಗೆ ಇಟ್ಟಿಗೆ ಹೊತ್ತವರು ಯಾರೆಂಬುದನ್ನು ಪಟವರ್ಧನರ ಕ್ಯಾಮೆರಾ ತೋರಿಸುತ್ತ ಹೋಗುತ್ತದೆ.

ಈ ಚಿತ್ರದ ಒಂದು ಸನ್ನಿವೇಶ ಅವರ ಇಡೀ ಸಾಧನೆಯ ಕೀಲಿಯೆಂದು ನಾನು ಭಾವಿಸುತ್ತೇನೆ. ಗುಡಿಸಲು ನೆಲಸಮವಾಗಿ ಬಯಲಿಗೆ ಬಿದ್ದ ಮಹಿಳೆಯೊಬ್ಬರು ಚಿತ್ರ ತೆಗೆಯುತ್ತಿರುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಬಡವರ ಚಿತ್ರ ತೆಗೆದು ನೀವು ಹೆಸರು ಗಳಿಸುತ್ತೀರಿ, ಅದರಿಂದ ನಮಗೆ ಬಂದದ್ದೇನು ಎಂಬುದು ಅವರ ಮಾತಿನ ತಾತ್ಪರ್ಯ. ಪಟವರ್ಧನರು ಈ ಭಾಗವನ್ನು ಕತ್ತರಿಸಲಿಲ್ಲ. ಸಮರ್ಥನೆಯ ಮಾತನ್ನೂ ಸೇರಿಸಲಿಲ್ಲ. ತನ್ನ ಮೇಲಿನ ಆಪಾದನೆಯನ್ನು ತನ್ನ ಕೃತಿಯಲ್ಲಿಯೇ ದಾಖಲಿಸಿದರು. ಪ್ರಶಸ್ತಿಯ ಜಾತಿಗೆ ಸೇರಿದ ಕೃತಿಗೆ ಇದು ಎಂದಿಗೂ ಸಾಧ್ಯವಿಲ್ಲ.

ಆ ಪ್ರಶ್ನೆಗೆ ಉತ್ತರ ಚಿತ್ರದ ಹೊರಗೆ ಬಂದಿತು. ‘ಹಮಾರಾ ಶಹರ್’ ಅತ್ಯುತ್ತಮ ಕಥೇತರ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ 1986ರಲ್ಲಿಯೇ ದಕ್ಷಿಣ ಮುಂಬಯಿಯ ಸಂಜಯ ಗಾಂಧಿ ನಗರವೆಂಬ ಜೋಪಡಪಟ್ಟಿಯನ್ನು ಕೆಡವಲಾಯಿತು. ಅಲ್ಲಿಯ ನಿವಾಸಿಗಳೊಡನೆ ಪಟವರ್ಧನರೂ ನಟಿ ಶಬಾನಾ ಆಜ್ಮಿಯವರೂ ಉಪವಾಸ ಕುಳಿತರು. ನಿವಾರಾ ಹಕ್ಕ ಸಂಘಟನೆಯ ಈ ಹೋರಾಟದ ಫಲವಾಗಿ ಆ ಕುಟುಂಬಗಳಿಗೆ ಗೋರೆಗಾಂವ್ ಕಡೆಯಲ್ಲಿ ಬದಲಿ ಜಾಗ ದೊರೆಯಿತು. ಊರ ನಡುವಿನಿಂದ ಉಪನಗರದ ಅಂಚಿಗೆ ಸರಿಯಬೇಕಾಯಿತೆಂಬುದು ನಿಜ. ಆದರೆ ಬರಿಗೈಯಲ್ಲಿ ಸರಿಯಬೇಕಾಗಲಿಲ್ಲ.

ಈ ಚಿತ್ರದ ಜನರು ನಮಗೆ ಪರಕೀಯರಲ್ಲ. ಉತ್ತರ ಕರ್ನಾಟಕದ ಬರಪೀಡಿತ ಜಿಲ್ಲೆಗಳಿಂದ ಹೊರಟು ಮುಂಬಯಿಯ ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರು, ಧಾರಾವಿಯ ಓಣಿಗಳಲ್ಲಿ ನೆಲೆಸಿದವರು, ಕರಾವಳಿಯಿಂದ ಬಾಲ್ಯದಲ್ಲಿಯೇ ಬಂದು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು: ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಇವರ ಪಾಲು ದೊಡ್ಡದು. ಮುಂಬಯಿಯ ದುಡಿಮೆಗಾರರ ಲೋಕವನ್ನು ಕನ್ನಡ ಕಾದಂಬರಿಗೆ ತಂದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದೂ 1986ರಲ್ಲಿಯೇ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಷ್ಟು ಹಿಂದೆಯೇ ಈ ನಗರದ ಕಚೇರಿಗಳ ಒಳಗಿನ ಬೇಟೆಯನ್ನು ತೋರಿಸಿತ್ತು. ಜಯಂತ ಕಾಯ್ಕಿಣಿಯವರ ಕಥೆಗಳು ಚಾಳು, ಆಸ್ಪತ್ರೆ, ಲೋಕಲ್ ರೈಲುಗಳ ನಡುವಿನ ಬದುಕನ್ನು ಹಿಡಿದವು. ಈ ಕೃತಿಗಳನ್ನು ನಾವು ಪಾಠ ಹೇಳುತ್ತೇವೆ. ಅದೇ ನಗರವನ್ನು ಅದೇ ಕಾಲದಲ್ಲಿ ಬೇರೊಂದು ಮಾಧ್ಯಮ ಹೇಗೆ ಕಂಡಿತೆಂಬುದನ್ನು ಅವುಗಳ ಪಕ್ಕದಲ್ಲಿಟ್ಟು ನೋಡದಿದ್ದರೆ ನಮ್ಮ ಓದು ಅಷ್ಟರಮಟ್ಟಿಗೆ ಅಪೂರ್ಣವಾಗುತ್ತದೆ.

4

ಪಟವರ್ಧನರ ಚಿತ್ರಗಳ ಪೈಕಿ ಹೆಚ್ಚು ವಿವಾದಕ್ಕೊಳಗಾದದ್ದು ‘ರಾಮ್ ಕೇ ನಾಮ್’. 1990ರ ರಥಯಾತ್ರೆಯನ್ನೂ ಆ ವರ್ಷದ ಅಕ್ಟೋಬರ್ 30ರ ಅಯೋಧ್ಯೆಯ ಘಟನೆಗಳನ್ನೂ ದಾಖಲಿಸಿದ ಈ ಚಿತ್ರ, 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳುವ ಮೊದಲೇ ಸಿದ್ಧವಾಗಿತ್ತು. ಜನ್ಮಸ್ಥಾನದ ಅರ್ಚಕರಾಗಿದ್ದ ಲಾಲದಾಸರು ಅದರಲ್ಲಿ ಸೌಹಾರ್ದದ ಮಾತನ್ನಾಡುತ್ತಾರೆ. 1993ರ ನವೆಂಬರ್‌ನಲ್ಲಿ ಅವರ ಕೊಲೆಯಾಯಿತು. ಅವರ ಮಾತು ಉಳಿದಿದ್ದರೆ ಅದಕ್ಕೆ ಈ ಚಿತ್ರವೂ ಒಂದು ಕಾರಣ.

ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರವನ್ನು ಪ್ರಸಾರ ಮಾಡಲು ದೂರದರ್ಶನ ಒಪ್ಪಲಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದ ಬಳಿಕ 1997ರಲ್ಲಿ ಅದು ಪ್ರಸಾರವಾಯಿತು. ಕೋಮುಹಿಂಸೆಗೂ ಪೌರುಷದ ಕಲ್ಪನೆಗೂ ಇರುವ ನಂಟನ್ನು ಶೋಧಿಸಿದ 1995ರ ‘ಪಿತೃ, ಪುತ್ರ ಔರ್ ಧರ್ಮಯುದ್ಧ’ದ ಪ್ರಸಾರಕ್ಕಾಗಿ ನಡೆದ ವ್ಯಾಜ್ಯ 2006ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ಅಣ್ವಸ್ತ್ರಗಳನ್ನು ಕುರಿತ 2002ರ ‘ಜಂಗ್ ಔರ್ ಅಮನ್’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಸೂಚಿಸಿದ ಕತ್ತರಿಗಳನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಿ, 2003ರಲ್ಲಿ ಗೆದ್ದರು. ಮರುವರ್ಷ ಮುಂಬಯಿಯ ಅಂತಾರಾಷ್ಟ್ರೀಯ ಉತ್ಸವದಲ್ಲಿ ಭಾರತೀಯ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಪ್ರಮಾಣಪತ್ರ ಬೇಕೆಂಬ ನಿಯಮ ಬಂದಾಗ, ನಿರ್ಮಾಪಕರು ಸೇರಿ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವವನ್ನು ನಡೆಸಿದರು. ಅದರಲ್ಲಿ ಪಟವರ್ಧನರ ಪಾತ್ರ ಹಿರಿದು. ಈ ವ್ಯಾಜ್ಯಗಳನ್ನು ಒಬ್ಬ ಕಲಾವಿದನ ಹಟವೆಂದು ತಿಳಿಯಬಾರದು. ಸಾರ್ವಜನಿಕರ ಹಣದಿಂದ ನಡೆಯುವ ಮಾಧ್ಯಮ ಯಾರ ಶಾಸನಗಳನ್ನು ಸಾರಬೇಕು ಎಂಬ ಪ್ರಶ್ನೆಯನ್ನು ಅವು ನ್ಯಾಯಪೀಠದ ಮುಂದಿಟ್ಟವು.

ವೀರಗಲ್ಲೆಂಬ ಮಾತು ಅಕ್ಷರಶಃ ಅನ್ವಯಿಸುವುದು 2011ರ ‘ಜೈ ಭೀಮ್ ಕಾಮ್ರೇಡ್’ ಚಿತ್ರಕ್ಕೆ. 1997ರ ಜುಲೈ 11ರ ಬೆಳಗ್ಗೆ ಘಾಟಕೋಪರದ ರಮಾಬಾಯಿ ನಗರದಲ್ಲಿ ಅಂಬೇಡ್ಕರರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು ಕಂಡುಬಂದಿತು. ಪ್ರತಿಭಟಿಸಿ ಹೆದ್ದಾರಿಗೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತು ಮಂದಿ ದಲಿತರು ಸತ್ತರು. ಕೆಲವೇ ದಿನಗಳಲ್ಲಿ ಶಾಹೀರ ವಿಲಾಸ ಘೋಗರೆ ನೇಣು ಹಾಕಿಕೊಂಡರು. ‘ಹಮಾರಾ ಶಹರ್’ನಲ್ಲಿ ಹಾಡಿದ್ದವರು ಅವರೇ. ಎಡಪಂಥೀಯ ಹಾಡುಗಾರನಾಗಿ ಬಾಳಿದ ಅವರು ಸಾಯುವಾಗ ತಲೆಗೆ ನೀಲಿ ಬಟ್ಟೆಯನ್ನು ಕಟ್ಟಿಕೊಂಡಿದ್ದರು. ಕೆಂಪು, ನೀಲಿ ಎರಡನ್ನೂ ನಂಬಿದ ಕವಿಗೆ ಕೊನೆಗೆ ಎರಡರ ನಡುವೆ ನಿಲ್ಲಲು ಜಾಗವಿಲ್ಲದಂತಾದದ್ದೇಕೆ? ಗೆಳೆಯನ ಸಾವು ಎತ್ತಿದ ಈ ಪ್ರಶ್ನೆಯ ಬೆನ್ನುಹತ್ತಿ ಪಟವರ್ಧನರು ಹದಿನಾಲ್ಕು ವರ್ಷ ಚಿತ್ರೀಕರಿಸಿದರು.

ಚಿತ್ರ ಮೂರು ಗಂಟೆಗೂ ದೀರ್ಘವಾಗಿದೆ. ಪೊಲೀಸರ ಸಮರ್ಥನೆಗೆ ಆಧಾರವಾಗಿದ್ದ ದೃಶ್ಯಗಳನ್ನು ಅದು ಪಾಠಪರಿಷ್ಕರಣಕಾರನ ಸಹನೆಯಿಂದ ಮರುಪರಿಶೀಲಿಸುತ್ತದೆ. ಆದರೆ ಅದರ ಜೀವಾಳ ಹಾಡು. ಚಾಳುಗಳಲ್ಲಿ, ಕೇರಿಗಳಲ್ಲಿ, ಜಯಂತಿಯ ವೇದಿಕೆಗಳಲ್ಲಿ ಹಾಡುವವರ ಸರಣಿ ಶೀತಲ್ ಸಾಠೆ ಮತ್ತು ಪುಣೆಯ ಕಬೀರ ಕಲಾ ಮಂಚದವರೆಗೆ ಮುಂದುವರಿಯುತ್ತದೆ. ಆ ಮಂಚದವರು ಮೊಕದ್ದಮೆಗಳಿಗೆ ಗುರಿಯಾದಾಗ ಅವರ ರಕ್ಷಣೆಗಾಗಿ ಏರ್ಪಟ್ಟ ಸಮಿತಿಯಲ್ಲಿ ಪಟವರ್ಧನರು ದುಡಿದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಪ್ರಕಟಿಸಿದ ಸಿದ್ಧಲಿಂಗಯ್ಯನವರನ್ನೂ, ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡಾಗಿ ಹಬ್ಬಿದ ಕವಿತೆಯನ್ನೂ ಬಲ್ಲ ಕನ್ನಡ ವಿದ್ಯಾರ್ಥಿಗೆ ಇಲ್ಲಿ ಅನುವಾದದ ಅಗತ್ಯವೇ ಇಲ್ಲ. ಹಾಡು ಹೇಗೆ ಸಂಘಟನೆಯಾಗುತ್ತದೆ, ಸಂಘಟನೆ ಒಡೆದಾಗ ಹಾಡುಗಾರನಿಗೆ ಏನಾಗುತ್ತದೆ ಎಂಬುದು ಎರಡು ಭಾಷೆಗಳ ಸಮಾನ ಅನುಭವ.

ಗುಂಡು ಹಾರಿಸಲು ಆಜ್ಞೆಯಿತ್ತ ಅಧಿಕಾರಿಗೆ 2009ರಲ್ಲಿ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಂತದಲ್ಲಿ ಜಾಮೀನು ಸಿಕ್ಕಿತು. ನ್ಯಾಯದ ದಾಖಲೆ ಹೀಗೆ ತೂಗಾಡುವಾಗ ಸತ್ತವರ ಮನೆಯವರ ಮುಖ, ಮಾತು, ಮೌನಗಳಿಗೆ ನೆಲೆಯೊದಗಿಸಿದ್ದು ಚಿತ್ರ. ಹಳೆಯ ವೀರಗಲ್ಲು ಸತ್ತವನನ್ನು ಅಪ್ಸರೆಯರ ನಡುವೆ ಸ್ವರ್ಗಕ್ಕೇರಿಸಿ ಸಮಾಧಾನ ತಾಳುತ್ತಿತ್ತು. ಈ ವೀರಗಲ್ಲಿಗೆ ಆ ಮೇಲಿನ ಪಟ್ಟಿಕೆಗಳಿಲ್ಲ. ಅದು ಕೊಂದವರು ಯಾರೆಂದು ಕೇಳುತ್ತ ನಿಂತಿದೆ.

5

ಪಟವರ್ಧನರ 2018ರ ಚಿತ್ರ ‘ವಿವೇಕ’ ನಮ್ಮನ್ನು ನೇರವಾಗಿ ತಟ್ಟುತ್ತದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲಕರ, 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ, ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಈ ಹತ್ಯೆಗಳ ಸುತ್ತಲಿನ ಕಾಲವೇ ಚಿತ್ರದ ವಸ್ತು. ಆಮ್‌ಸ್ಟರ್‌ಡಾಮಿನ ಅಂತಾರಾಷ್ಟ್ರೀಯ ಉತ್ಸವದಲ್ಲಿ ಅದು ಅತ್ಯುನ್ನತ ಪ್ರಶಸ್ತಿ ಪಡೆಯಿತು. 2019ರಲ್ಲಿ ಕೇರಳದ ಉತ್ಸವದಲ್ಲಿ ತೋರಿಸಲು ಕೇಂದ್ರದ ಅನುಮತಿ ದೊರೆಯದೆ, ಉಚ್ಚ ನ್ಯಾಯಾಲಯದ ಆದೇಶದಿಂದ ಪ್ರದರ್ಶನ ನಡೆಯಿತು.

ಕಲಬುರ್ಗಿಯವರು ಯಾರೆಂದು ಈ ಗ್ರಂಥದ ಓದುಗರಿಗೆ ಹೇಳಬೇಕಾಗಿಲ್ಲ. ‘ಶಾಸನಗಳಲ್ಲಿ ಶಿವಶರಣರು’ ಬರೆದವರು, ‘ಮಾರ್ಗ’ ಸಂಪುಟಗಳ ಕರ್ತೃ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ‘ಮಾರ್ಗ-4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತ್ತು. ದಾಖಲೆ ಹೇಳುವುದನ್ನು ಸಮಾಜ ಕೇಳಲು ಸಿದ್ಧವಿಲ್ಲದಾಗಲೂ ಹೇಳಬೇಕು ಎಂಬ ಸಂಶೋಧನ ಧರ್ಮಕ್ಕೆ ಬದ್ಧರಾಗಿ ಅವರು ಬಾಳಿನುದ್ದಕ್ಕೂ ವಿರೋಧವನ್ನು ಎದುರಿಸಿದವರು. ಅವರ ಹತ್ಯೆಯ ಬಳಿಕ ಲೇಖಕರು ಒಬ್ಬರಾದ ಮೇಲೊಬ್ಬರು ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಕನ್ನಡದಲ್ಲಿ ಚಂದ್ರಶೇಖರ ಪಾಟೀಲರು ಪಂಪ ಪ್ರಶಸ್ತಿಯನ್ನು ಮರಳಿಸಿದರು. ಅದೇ ಅಕ್ಟೋಬರ್‌ನಲ್ಲಿ ಮುಂಬಯಿಯ ಚಿತ್ರನಿರ್ಮಾಪಕರ ಗುಂಪೊಂದು ರಾಷ್ಟ್ರಪ್ರಶಸ್ತಿಗಳನ್ನು ಹಿಂದಿರುಗಿಸಿದಾಗ ಪಟವರ್ಧನರೂ ಅದರಲ್ಲಿದ್ದರು. ಪ್ರಶಸ್ತಿ ಎಂಬ ಪದದ ಎರಡು ಅರ್ಥಗಳೂ ಅಂದು ಒಂದೆಡೆ ಕೂಡಿದವೆನ್ನಬಹುದು. ವೀರಗಲ್ಲುಗಳನ್ನೂ ಶಾಸನಗಳನ್ನೂ ಓದುತ್ತ ಬಾಳಿದ ವಿದ್ವಾಂಸನೊಬ್ಬನಿಗೆ ಮುಂಬಯಿಯ ಚಿತ್ರಕಾರನೊಬ್ಬ ಕಲ್ಲು ನಿಲ್ಲಿಸಿದ. ಕನ್ನಡ ಅಧ್ಯಯನ ಇದನ್ನು ಗಮನಿಸದಿರುವುದು ಸರಿಯಲ್ಲ.

6

ಪಟವರ್ಧನರ ಚಿತ್ರಗಳನ್ನು ವಿಮರ್ಶೆಗೆ ಅತೀತವೆಂದು ನಾನು ಹೇಳುತ್ತಿಲ್ಲ. ಅವರ ನಿರೂಪಣೆ ಕೆಲವೊಮ್ಮೆ ಪ್ರೇಕ್ಷಕನಿಗೆ ತಾನಾಗಿ ಕಂಡುಕೊಳ್ಳುವ ಅವಕಾಶವನ್ನು ಕಡಿಮೆ ಮಾಡುತ್ತದೆ. ‘ರಾಮ್ ಕೇ ನಾಮ್’ನಲ್ಲಿ ರಾಮ ಹುಟ್ಟಿದ ಕಾಲವಾವುದೆಂದು ಕೇಳಿದಾಗ ತಡವರಿಸುವ ತರುಣರನ್ನು ಕಂಡು ನಗರದ ಸುಶಿಕ್ಷಿತ ಪ್ರೇಕ್ಷಕರು ನಗುತ್ತಾರೆ. ಆ ನಗೆ ಎದುರಾಳಿಯನ್ನು ಗೆಲ್ಲುವುದಿಲ್ಲ. ಅವನನ್ನು ಇನ್ನಷ್ಟು ದೂರ ತಳ್ಳುತ್ತದೆ. ಈಗಾಗಲೇ ಒಪ್ಪಿದವರೇ ಇಂಥ ಚಿತ್ರಗಳನ್ನು ನೋಡುತ್ತಾರೆಂಬ ಆಕ್ಷೇಪಣೆಯಲ್ಲಿಯೂ ಹುರುಳಿದೆ. ಆದರೆ ‘ಜೈ ಭೀಮ್ ಕಾಮ್ರೇಡ್’ನ ಹೊತ್ತಿಗೆ ನಿರೂಪಕನ ದನಿ ತಗ್ಗಿ, ಆ ಜಾಗವನ್ನು ಹಾಡುಗಾರರು ತುಂಬಿದ್ದಾರೆ. ಮೇಲಾಗಿ ಪ್ರೇಕ್ಷಕರ ಸಂಖ್ಯೆ ಕಡಿಮೆಯೆಂಬುದು ಚಿತ್ರದ ದೋಷಕ್ಕಿಂತ ಹೆಚ್ಚಾಗಿ, ಅದಕ್ಕೆ ಬಾಗಿಲು ತೆರೆಯದ ಸಂಸ್ಥೆಗಳ ದೋಷ. ಆ ಸಂಸ್ಥೆಗಳಲ್ಲಿ ವಿಶ್ವವಿದ್ಯಾಲಯಗಳೂ ಸೇರಿವೆ.

ಕನ್ನಡ ವಿಭಾಗಗಳಲ್ಲಿ ಚಲನಚಿತ್ರದ ಅಧ್ಯಯನವೆಂದರೆ ಕಾದಂಬರಿಯಾಧಾರಿತ ಚಿತ್ರಗಳ ಅಧ್ಯಯನವೆಂಬ ರೂಢಿ ಬೆಳೆದಿದೆ. 1970ರ ‘ಸಂಸ್ಕಾರ’, 1977ರ ‘ಘಟಶ್ರಾದ್ಧ’ ಇವುಗಳನ್ನು ಕುರಿತು ನಾವು ಬರೆದಿದ್ದೇವೆ, ಮೂಲಕೃತಿಯೊಡನೆ ಹೋಲಿಸಿದ್ದೇವೆ. ಸಾಕ್ಷ್ಯಚಿತ್ರಕ್ಕೆ ಮೂಲಕೃತಿಯಿಲ್ಲ, ಆದ್ದರಿಂದ ಅದು ಯಾವ ಪತ್ರಿಕೆಯ ಪಠ್ಯಕ್ರಮದಲ್ಲಿಯೂ ಕೂಡುವುದಿಲ್ಲ. ಶಾಸನಶಾಸ್ತ್ರವನ್ನು ಕಲಿಸುವ ವಿಭಾಗಕ್ಕೆ ಈ ಹಿಂಜರಿಕೆ ತಕ್ಕದ್ದಲ್ಲ. ಬರೆಯಿಸಿದವರು ಯಾರು, ಯಾವಾಗ ಬರೆಯಿಸಿದರು, ಏನನ್ನು ಬಿಟ್ಟರು ಎಂದು ಕಲ್ಲನ್ನು ಕೇಳುವ ಪ್ರಶ್ನೆಗಳನ್ನೇ ಚಿತ್ರವನ್ನೂ ಕೇಳಬಹುದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಮುಂಬಯಿ ಕನ್ನಡಿಗರ ಸಂಘಸಂಸ್ಥೆಗಳ ವಾರ್ಷಿಕೋತ್ಸವ ಸಂಚಿಕೆಗಳಲ್ಲಿ ಸ್ಥಾಪಕರ, ದಾನಿಗಳ, ಅಧ್ಯಕ್ಷರ ಭಾವಚಿತ್ರಗಳು ಸಾಲಾಗಿ ದೊರೆಯುತ್ತವೆ. ಅವು ನಮ್ಮ ಪ್ರಶಸ್ತಿಗಳು, ಅವೂ ಬೇಕು. ಆದರೆ ಹೋಟೆಲಿನ ಮಾಳಿಗೆಯಲ್ಲಿ ಮಲಗಿ ರಾತ್ರಿಶಾಲೆಗೆ ಹೋದವನ ಮಾತು, 1982ರ ಮುಷ್ಕರದಲ್ಲಿ ಗಿರಣಿಯ ಕೆಲಸ ಕಳೆದುಕೊಂಡವನ ಮಾತು, ಧಾರಾವಿಯಲ್ಲಿ ಮೂರು ಬಾರಿ ಗುಡಿಸಲು ಕಟ್ಟಿದ ತಾಯಿಯ ಮಾತು ಎಲ್ಲಿ ದಾಖಲಾಗಿದೆ? ಅವರು ವೃದ್ಧರಾಗಿದ್ದಾರೆ; ಹಲವರು ತೀರಿಹೋಗಿದ್ದಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷಕ್ಕೆ ಹತ್ತು ಮಂದಿಯ ಮಾತನ್ನಾದರೂ ದಾಖಲಿಸಿ ವಿಭಾಗದಲ್ಲಿ ಕಾಪಿಟ್ಟರೆ, ಅದು ಯಾವ ಪ್ರಬಂಧಕ್ಕೂ ಕಡಿಮೆಯಾಗದ ಸಂಶೋಧನೆಯಾದೀತು. ಪಟವರ್ಧನರ ಚಿತ್ರಗಳನ್ನು ನೋಡಿದವರಿಗೆ ಆ ಕೆಲಸದ ರೀತಿ ತಿಳಿಯುತ್ತದೆ: ಬೇಗ ಮುಗಿಸಬಾರದು, ಮತ್ತೆ ಮತ್ತೆ ಹೋಗಬೇಕು, ಚಿತ್ರ ತೆಗೆಯುವವನನ್ನು ಬೈದರೆ ಆ ಬೈಗುಳನ್ನೂ ಉಳಿಸಿಕೊಳ್ಳಬೇಕು.

1985ರಲ್ಲಿ ಆ ಮಹಿಳೆ ಕೇಳಿದ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಅವರಂಥವರನ್ನು ಕುರಿತು ನಾವು ಬರೆಯುವ ಲೇಖನಗಳಿಂದ, ಪಡೆಯುವ ಪದವಿಗಳಿಂದ ಅವರಿಗೆ ಬಂದದ್ದೇನು? ಈ ಲೇಖನದ ಬಳಿಯೂ ಅದಕ್ಕೆ ಪೂರ್ಣ ಉತ್ತರವಿಲ್ಲ. ಅವರ ಮಾತನ್ನು ಅವರ ಹೆಸರಿನಲ್ಲಿಯೇ ಬರೆದಿಟ್ಟೆವೆಂದು ಹೇಳುವಷ್ಟಾದರೂ ಅರ್ಹತೆ ನಮಗೆ ಬರಲಿ.